ಶಾಲಾ ಗ್ರಂಥಪಾಲಕರ ನೇಮಕ ಕುರಿತ ಸಂದೇಶ: ಸ್ಪಷ್ಟನೆ

‘2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಾಲೆಗೂ ಗ್ರಂಥಪಾಲಕರ ನೇಮಕವನ್ನು ಕಾನೂನಾಗಿ ಕಡ್ಡಾಯಗೊಳಿಸಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ನೀತಿಯ 2.8ನೇ ಪರಿಚ್ಛೇದವು ವಿಶೇಷವಾಗಿ ಹಳ್ಳಿಗಳಲ್ಲಿ ಶಾಲಾ ಗ್ರಂಥಾಲಯಗಳನ್ನು ಸ್ಥಾಪಿಸಿ, ಶಾಲೆ ನಡೆಯದ ವೇಳೆಯಲ್ಲಿ ಊರಿನವರಿಗೂ ತೆರೆದಿಡುವ ಮಾತನ್ನಾಡುತ್ತದೆ, 21.9ನೇ ಪರಿಚ್ಛೇದವು ಸಾಕಷ್ಟು ಗ್ರಂಥಾಲಯ ಸಿಬ್ಬಂದಿ ಮತ್ತು ಅವರ ವೃತ್ತಿ ಬೆಳವಣಿಗೆ ಅತ್ಯಗತ್ಯವೆನ್ನುತ್ತದೆ. ಇದು ಆಶಯವೇ ಹೊರತು ಶಾಸನವಲ್ಲ. ಶಾಸನವಾಗಿರುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳುಳ್ಳ ಗ್ರಂಥಾಲಯವಿರಬೇಕೆಂದು ಹೇಳಿದರೂ ಗ್ರಂಥಪಾಲಕರ ಹುದ್ದೆಯನ್ನು ಹೆಸರಿಸಿಲ್ಲ. ಪುಸ್ತಕವನ್ನು ಮಗುವಿನ ಕೈಗೆ ತಲುಪಿಸುವವರೇ ಬಿಟ್ಟುಹೋಗಿರುವ ಈ ಕೊರತೆ ನಿಜಕ್ಕೂ ದೊಡ್ಡದು, ನೀತಿ ರೂಪಿಸುವವರ ಮುಂದೆ ಗ್ರಂಥಪಾಲಕರು ಇಡಬೇಕಾದ ಬೇಡಿಕೆಯೂ ಇದೇ. ಉದ್ಯೋಗಾಕಾಂಕ್ಷಿಗಳಲ್ಲಿ ಹುಸಿ ಭರವಸೆ ಮೂಡಿಸುವ ಈ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.