ಸಂಬಳದ ಮಾತು ಎತ್ತಬೇಡಿ

ಕೆಲಸಕ್ಕೆ ಕರೆಯುವ ಜಾಹೀರಾತಿನಲ್ಲಿ ಎಲ್ಲಕ್ಕೂ ಲೆಕ್ಕವಿರುತ್ತದೆ. ಐದು ವರ್ಷದ ಅನುಭವ, ಶೇಕಡಾ 60 ಅಂಕ, ವಾರಕ್ಕೆ ಆರು ದಿನ ಹಾಜರಿ, ಹದಿನೈದು ದಿನದೊಳಗೆ ಸೇರಬೇಕು. ಸಂಬಳದ ಸಾಲಿಗೆ ಬಂದ ಕೂಡಲೇ ಗಣಿತ ಮುಗಿದು ಕಾವ್ಯ ಶುರುವಾಗುತ್ತದೆ: ‘ಆಕರ್ಷಕ ವೇತನ’. ಯಾರಿಗೆ ಆಕರ್ಷಕ ಎಂಬುದನ್ನು ಕವಿ ಓದುಗರ ಊಹೆಗೆ ಬಿಟ್ಟಿರುತ್ತಾನೆ. ‘ಅರ್ಹತೆಗೆ ತಕ್ಕ ಸಂಬಳ’ ಎನ್ನುವವರು ಇನ್ನೂ ಜಾಣರು. ಕಡಿಮೆ ಕೊಟ್ಟರೆ ಅದು ಕಂಪನಿಯ ತಪ್ಪಲ್ಲ, ನಿಮ್ಮ ಅರ್ಹತೆಯದು. ‘ತಿಂಗಳಿಗೆ ಇಷ್ಟರವರೆಗೆ ಗಳಿಸಿ’ ಎನ್ನುವವರಂತೂ ಸುಳ್ಳೇ ಹೇಳುವುದಿಲ್ಲ. ಸೊನ್ನೆಯೂ ಆ ಮಿತಿಯೊಳಗೇ ಬರುತ್ತದೆ.

ಸಂದರ್ಶನದಲ್ಲಿ ಧೈರ್ಯ ಮಾಡಿ ಕೇಳಿ ನೋಡಿ. ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. “ನಮಗೆ ಬೇಕಾಗಿರುವುದು ದುಡ್ಡಿಗಾಗಿ ಬರುವವರಲ್ಲ, ಕೆಲಸವನ್ನು ಪ್ರೀತಿಸುವವರು.” ಮರುಕ್ಷಣವೇ, “ಈಗ ಎಷ್ಟು ಬರುತ್ತಿದೆ? ಮೂರು ತಿಂಗಳ ಪೇ ಸ್ಲಿಪ್ ತಂದಿದ್ದೀರಾ?” ಪ್ರೀತಿಗೆ ದಾಖಲೆ ಬೇಡ, ಹಳೆಯ ಸಂಬಳಕ್ಕೆ ಬೇಕು. ಹಿಂದಿನ ಯಜಮಾನ ಜಿಪುಣನಾಗಿದ್ದರೆ ಹೊಸಬರು ಆ ಪರಂಪರೆಯನ್ನು ಗೌರವದಿಂದ ಮುಂದುವರಿಸುತ್ತಾರೆ.

ಕೊನೆಗೂ ಒಂದು ಮೊತ್ತ ಹೇಳಿದರೆನ್ನಿ, ಹಿಗ್ಗಬೇಡಿ. ಅದು ಸಿಟಿಸಿ, ಅಂದರೆ ನಿಮ್ಮಿಂದ ಕಂಪನಿಗೆ ಬೀಳುವ ಒಟ್ಟು ಖರ್ಚು. ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ವಿಮೆಯ ಕಂತು, ಗುರಿ ಮುಟ್ಟಿದರೆ ಸಿಗುವ ಬೋನಸ್, ವರ್ಷಗಟ್ಟಲೆ ಕಾದರೆ ಕೈಗೆ ಬರುವ ಷೇರು, ಎಲ್ಲವನ್ನೂ ಅದರೊಳಗೆ ತುರುಕಿರುತ್ತಾರೆ. (ಕೂರುವ ಕುರ್ಚಿಯ ಬೆಲೆಯನ್ನು ಇನ್ನೂ ಸೇರಿಸಿಲ್ಲ, ಅದೇ ಸಮಾಧಾನ.) ತಿಂಗಳ ಕೊನೆಗೆ ಬ್ಯಾಂಕಿಗೆ ಜಮೆಯಾಗುವ ಮೊತ್ತದ ಸುದ್ದಿಯನ್ನು ಮಾತ್ರ ಆ ದಿನ ಯಾರೂ ಎತ್ತುವುದಿಲ್ಲ.

ಕಾನೂನು ಕಿವಿ ಹಿಂಡಿದರೂ ಬಾಯಿ ಬಿಡುವುದು ಕಷ್ಟ. ಜಾಹೀರಾತಿನಲ್ಲೇ ಸಂಬಳ ತಿಳಿಸಬೇಕೆಂಬ ನಿಯಮ 2021ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಜಾರಿಗೆ ಬಂದಾಗ, ಕೆಲವು ಕಂಪನಿಗಳು ಮನೆಯಿಂದಲೇ ಮಾಡುವ ಕೆಲಸಕ್ಕೂ ‘ಕೊಲೊರಾಡೊದವರು ಅರ್ಜಿ ಹಾಕಬೇಡಿ’ ಎಂದು ಪ್ರಕಟಿಸಿದವು. ಒಂದು ಅಂಕಿ ಹೇಳುವುದಕ್ಕಿಂತ ಇಡೀ ರಾಜ್ಯಕ್ಕೆ ಕೈಮುಗಿಯುವುದು ಅವರಿಗೆ ಹಗುರವಾಗಿ ಕಂಡಿತು. 2022ರ ನವೆಂಬರ್ 1ರಿಂದ ನ್ಯೂಯಾರ್ಕ್ ನಗರವೂ ಅದೇ ದಾರಿ ಹಿಡಿಯಿತು. ಆಗ ಹೊರಬಿದ್ದ ಒಂದು ಜಾಹೀರಾತಿನಲ್ಲಿ ಸಂಬಳ ಸೊನ್ನೆಯಿಂದ 20 ಲಕ್ಷ ಡಾಲರ್! ತಾಂತ್ರಿಕ ದೋಷವೆಂದು ಆಮೇಲೆ ಸಮಜಾಯಿಷಿ ಬಂತು. ಯುರೋಪಿಯನ್ ಒಕ್ಕೂಟವಂತೂ ಅಭ್ಯರ್ಥಿಯ ಹಳೆಯ ಸಂಬಳ ಕೇಳುವುದನ್ನೇ ನಿಷೇಧಿಸುವ ನಿರ್ದೇಶನ ಹೊರಡಿಸಿ, ಸದಸ್ಯ ರಾಷ್ಟ್ರಗಳಿಗೆ 2026ರ ಜೂನ್ 7ರ ಗಡುವು ಕೊಟ್ಟಿತು. ಅಲ್ಲಿ ಯಾವ ದೋಷ ಕಾದಿದೆಯೋ.

ಇಷ್ಟೆಲ್ಲ ದಾಟಿದ ಮೇಲೆ ನೇಮಕಾತಿ ಪತ್ರ ಕೈಗೆ ಬರುತ್ತದೆ. ಸಂಬಳದ ಅಂಕಿ ಅಲ್ಲಿ ಕೊನೆಗೂ ಕಪ್ಪು ಅಕ್ಷರದಲ್ಲಿದೆ. ಅದರ ಕೆಳಗೇ ಒಂದು ಷರತ್ತು: ಈ ಮಾಹಿತಿ ಗೋಪ್ಯ, ಸಹೋದ್ಯೋಗಿಗಳ ಬಳಿ ಹೇಳಕೂಡದು. ಪಕ್ಕದ ಕುರ್ಚಿಯಲ್ಲಿ ಅದೇ ಕೆಲಸ ಮಾಡುವವರಿಗೆ ಎಷ್ಟು ಕೊಡುತ್ತಿದ್ದಾರೆಂದು ಗೊತ್ತಾಗಿಬಿಟ್ಟರೆ ತಂಡದ ಒಗ್ಗಟ್ಟು ಕೆಡುತ್ತದಂತೆ.