ಮುಯ್ಯಿ ಹಾಕೋ ಮುಂಚೆ ವಯಸ್ಸು ಕೇಳ್ರಪ್ಪ

ಹೋದ ವಾರದಿಂದ ತಲೆ ಕೆಟ್ಟು ಕೂತಿದೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಲಗ್ನಪತ್ರಿಕೆಯ ಫೋಟೊ ಬಂತು. ಮೆಟ್ಟಿಲು ಒರೆಸೋ ಅಕ್ಕನ ಮಗಳ ಮದುವೆ, 'ಕೈಲಾದಷ್ಟು ಸಹಾಯ ಮಾಡಿ', ಕೆಳಗೊಂದು ಯುಪಿಐ ನಂಬರು. ಅರ್ಧ ಗಂಟೆಯಲ್ಲಿ ಐನೂರು, ಸಾವಿರ, ಸಾಲುಸಾಲು ಕೈಮುಗಿಯೋ ಎಮೋಜಿ. ಪಾರ್ಕಿಂಗ್ ಜಾಗಕ್ಕೆ ಕಿತ್ತಾಡಿ ಮಾತು ಬಿಟ್ಟವರೂ ಈ ಪುಣ್ಯಕಾರ್ಯದಲ್ಲಿ ಒಂದಾಗಿಬಿಟ್ಟರು.

ಆ ಹುಡುಗಿ ಹೋದ ವರ್ಷ ತಾನೇ ಎಸ್ಸೆಸ್ಸೆಲ್ಸಿ ಪಾಸಾಗಿ ಲಿಫ್ಟಿನ ಹತ್ತಿರ ನಿಂತು ಎಲ್ಲರಿಗೂ ಪೇಡ ಹಂಚಿದ್ದಳು. ಪೇಡ ತಿಂದವರೇ ಈಗ ದುಡ್ಡು ಹಾಕ್ತಿರೋದು. ಲೆಕ್ಕ ಹಾಕೋಕೆ ಐಐಟಿ ಓದಿರಬೇಕಾ? ಓದಿದವರೂ ಇದ್ದಾರೆ ಬಿಡಿ ಗ್ರೂಪಲ್ಲಿ.

'ಹುಡುಗಿಗೆ ವಯಸ್ಸೆಷ್ಟು?' ಅಂತ ಕೇಳಿದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಆದರೂ ಈ ಸಲ ಅಷ್ಟೇ ಕೇಳಿದ್ದು. 'ಶುಭಕಾರ್ಯಕ್ಕೆ ಕಲ್ಲು ಹಾಕಬೇಡಿ ಮೇಡಂ' ಅಂತ ಒಬ್ಬರು. 'ಅವರಲ್ಲಿ ಹಾಗೇ' ಅಂತ ಇನ್ನೊಬ್ಬರು. ಅವರಲ್ಲಿ! ಕೆಲಸದವರ ಆಧಾರ್ ಜೆರಾಕ್ಸ್ ಇಲ್ಲದೆ ಗೇಟು ದಾಟಿಸದ ಜನ ನಾವು. ಮದುವೆಗೆ ದುಡ್ಡು ಹಾಕುವಾಗ ಮಾತ್ರ ಹುಟ್ಟಿದ ತಾರೀಖು ಯಾರಿಗೂ ಬೇಡ.

ಕಾನೂನು ಇಲ್ವಾ? ದಂಡಿಯಾಗಿದೆ. 2006ರ ಕೇಂದ್ರದ ಕಾಯ್ದೆ ಬಾಲ್ಯವಿವಾಹ ಮಾಡಿಸಿದವರಿಗಷ್ಟೇ ಅಲ್ಲ, ಕುಮ್ಮಕ್ಕು ಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅನ್ನುತ್ತೆ. ಆದರೆ ಅದರ ಪ್ರಕಾರ ಮದುವೆ ತಾನಾಗಿ ಬಿದ್ದುಹೋಗಲ್ಲ. ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಅದೂ ಹದಿನೆಂಟು ತುಂಬಿದ ಎರಡು ವರ್ಷದೊಳಗೆ. ಅಷ್ಟರಲ್ಲಿ ಕಂಕುಳಲ್ಲಿ ಮಗು ಇರುತ್ತೆ, ಯಾವ ಕೋರ್ಟು! ಇದಕ್ಕೇ ನಮ್ಮ ಕರ್ನಾಟಕ ತಿದ್ದುಪಡಿ ತಂದು, 2017ರಿಂದೀಚೆಗೆ ಇಂಥ ಮದುವೆ ಮೊದಲಿಂದಲೇ ಅಸಿಂಧು ಅಂತ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿದರೆ ಒಳ್ಳೆಯದು ಅಂತ ತೀರ್ಪಿನಲ್ಲೇ ಬರೆಯಿತು. ಇಡೀ ದೇಶಕ್ಕೆ ಮಾದರಿಯಾದ ಕಾನೂನು. ಅದನ್ನು ಮಾಡಿದ ವಿಧಾನಸೌಧ ಇರುವ ಊರಲ್ಲೇ, ಅಸಿಂಧು ಮದುವೆಗೆ ಚಂದಾ ವಸೂಲಿ.

ಅಕ್ಕನ ಹತ್ತಿರ ಹೋಗಿ ಮಾತಾಡಿದೆ. ಪೊರಕೆ ಗೋಡೆಗೆ ಒರಗಿಸಿ, ಸೆರಗಲ್ಲಿ ಕೈ ಒರೆಸ್ಕೊಂಡು, 'ಹೊರಗಿನವರಿಗೇನಲ್ಲ ಮೇಡಮ್ಮಾರೆ, ನನ್ನ ಸ್ವಂತ ತಮ್ಮನಿಗೇ ಕೊಡ್ತಿರೋದು. ನಾನು ಬೆಳಗ್ಗೆ ಆರಕ್ಕೆ ಬಂದ್ರೆ ರಾತ್ರಿ ಹೋಗೋದು. ಅವಳು ಶೆಡ್ಡಲ್ಲಿ ಒಬ್ಬಳೇ. ಏನಾದ್ರೂ ಆದ್ರೆ ನೀವು ಬರ್ತೀರಾ?' ಅಂದಳು.

ಈ ಭಯ ಸುಳ್ಳಲ್ಲ, ಒಪ್ತೀನಿ. ಆದರೆ ಗ್ರೂಪಿನ ಮಹನೀಯರು ಇದನ್ನೇ ಹಿಡ್ಕೊಂಡು 'ನೋಡಿ, ಮದುವೆಯೇ ಸೇಫ್' ಅಂದಾಗ ಮೈ ಉರೀತು. ಸೇಫಂತೆ! ಹದಿನೆಂಟಾಗದ ಹೆಂಡತಿಯ ಜೊತೆ ಗಂಡ ಮಲಗಿದರೂ ಅತ್ಯಾಚಾರವೇ ಅಂತ ಹೇಳಿದ್ದೂ ಸುಪ್ರೀಂ ಕೋರ್ಟಿನ ಅದೇ ತೀರ್ಪು. ನಮ್ಮಮ್ಮನೂ 'ಸೇಫ್' ಆದವಳೇ. ಹದಿನಾಲ್ಕಕ್ಕೆ ಹಸೆಮಣೆ, ಹದಿನಾರಕ್ಕೆ ನಮ್ಮಣ್ಣ. ಕೊನೆಯವರೆಗೂ ಅಡುಗೆಮನೆಯಲ್ಲಿ ನ್ಯೂಸ್‌ಪೇಪರಿನ ತುಂಡು ಹಿಡಿದು ಅಕ್ಷರ ಕೂಡಿಸಿ ಕೂಡಿಸಿ ಓದ್ತಿದ್ದಳು, ಯಾರಾದರೂ ಬಂದರೆ ಮಡಚಿ ಡಬ್ಬಿ ಕೆಳಗೆ ಇಡ್ತಿದ್ದಳು. ಇದನ್ನ ಇಲ್ಲಿ ಬರೀಬೇಕು ಅಂತಿರಲಿಲ್ಲ. ಬಂತು, ಇರಲಿ.

'ಪಾಪ, ಬಡವರನ್ನ ಜೈಲಿಗೆ ಕಳಿಸ್ತೀರಾ?' ಅನ್ನೋ ಮಾತು ಇನ್ನೊಂದು. ಮದುವೆಗೆ ಮುಂಚೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಯಾರನ್ನೂ ಬೇಡಿ ಹಾಕಿ ಎಳ್ಕೊಂಡು ಹೋಗಲ್ಲ ಸ್ವಾಮಿ. ನಾನು ಮಾಡಿದೆ. ಅಧಿಕಾರಿಗಳು ಬಂದರು, ಮಾರ್ಕ್ಸ್‌ಕಾರ್ಡ್ ನೋಡಿದರು, ಹದಿನೆಂಟು ತುಂಬೋವರೆಗೆ ಮದುವೆ ಮಾಡಲ್ಲ ಅಂತ ತಂದೆ ತಾಯಿ ಕೈಲಿ ಮುಚ್ಚಳಿಕೆ ಬರೆಸಿಕೊಂಡು ಹೋದರು. ತಾಳಿ ಬಿದ್ದ ಮೇಲಾಗಿದ್ದರೆ ಕೇಸು. ಅಂದರೆ ಸುಮ್ಮನಿದ್ದು 'ಪಾಪ' ಅಂದವರೇ ಅವರನ್ನ ಜೈಲಿನ ಬಾಗಿಲಿಗೆ ತಳ್ತಿದ್ದದ್ದು. ಯಾವ ಏರಿಯಾ, ಯಾರ ಮಗಳು ಅಂತ ಕೇಳಬೇಡಿ, ಹೇಳಲ್ಲ.

ಅಕ್ಕ ಈಗ ನನ್ನ ಮುಖ ನೋಡಲ್ಲ. ನಮ್ಮ ಫ್ಲೋರಿಗೆ ಬಂದರೆ ಬಗ್ಗಿಸಿದ ತಲೆ ಎತ್ತಲ್ಲ. ಚುಚ್ಚುತ್ತೆ, ಇಲ್ಲ ಅನ್ನಲ್ಲ.

ಕೂಡಿರೋ ದುಡ್ಡನ್ನ ಹುಡುಗಿಯ ಸೆಕೆಂಡ್ ಪಿಯು ಫೀಸಿಗೆ ಕೊಡೋಣ, ಸಂಜೆ ಹೊತ್ತು ನಮ್ಮ ಕ್ಲಬ್‌ಹೌಸಲ್ಲೇ ಕೂತು ಓದಿಕೊಳ್ಳಲಿ ಅಂತ ಗ್ರೂಪಲ್ಲಿ ಹಾಕಿದೆ. ಕ್ಲಬ್‌ಹೌಸು ನಿವಾಸಿಗಳಿಗೆ ಮಾತ್ರವಂತೆ. ದುಡ್ಡಿನ ವಿಷಯಕ್ಕೆ, 'ಅದು ಮದುವೆಗೆ ಅಂತ ಕೊಟ್ಟಿದ್ದು, ವಾಪಸ್ ಹಾಕಿಬಿಡಿ' ಅಂತ ಆಗಲೇ ಇಬ್ಬರು ಕೇಳಿದ್ದಾರೆ.