ನೀರು ಬಾರದ ಪೆಟ್ಟಿಗೆಯೊಳಗಿನ ನೀರು

ದೋಣಿಯ ವಿದ್ಯುತ್ ಪೆಟ್ಟಿಗೆಯ ಬಾಗಿಲಿಗೆ ನೀರು-ಧೂಳು ತಡೆಯುವ ದರ್ಜೆ ಹೇಳುವ ಐಪಿ 67 ಎಂಬ ಚೀಟಿ ಅಂಟಿಸಿದ ಮೇಲೂ ಒಳಗೆ ನೀರು ಕಾಣಿಸಿಕೊಳ್ಳುವುದು ಶುದ್ಧ ಅಶಿಸ್ತೆಂದು ತಪಾಸಣೆಗೆ ಬರುವ ಮಹನೀಯರು ದೃಢವಾಗಿ ನಂಬಿದ್ದಾರೆ. ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಕೆಡುವಷ್ಟು ನೀರು ಒಳಹೊಗದು ಎಂದು ಆ ಅಂಕಿ ಹೇಳುವುದೇನೋ ನಿಜ. ಆದರೆ ಗಾಳಿಯೊಡನೆ ಬರುವ ಆವಿಯ ಮಾತನ್ನು ಅದು ಎತ್ತುವುದೇ ಇಲ್ಲ. ಆವಿಗೂ ಚೀಟಿ ಓದುವ ಅಭ್ಯಾಸವಿಲ್ಲ.

ಹಗಲಿನ ಬಿಸಿಲಿಗೆ 50 ಡಿಗ್ರಿಯವರೆಗೆ ಕಾದ ಪೆಟ್ಟಿಗೆ ರಾತ್ರಿ 20 ಡಿಗ್ರಿಗೆ ತಣಿದರೆ, ಬಿಗಿಯಾಗಿ ಮುಚ್ಚಿದ ಒಳಗಿನ ಗಾಳಿಯ ಒತ್ತಡ ಸುಮಾರು ಶೇಕಡ 9ರಷ್ಟು ಕುಸಿಯುತ್ತದೆ. ಆಗ ಅದು ಬಾಗಿಲಂಚಿನ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್ಟಿನ ಸಂದಿಯಿಂದಲೋ, ಕೇಬಲ್ ಒಳಹೊಗುವಲ್ಲಿ ಅದನ್ನು ಬಿಗಿಹಿಡಿಯುವ ಕೇಬಲ್ ಗ್ಲ್ಯಾಂಡಿನಿಂದಲೋ, ತಂತಿಯ ಎಳೆಗಳ ನಡುವಿನಿಂದಲೋ ಹೊರಗಿನ ಒದ್ದೆ ಗಾಳಿಯನ್ನು ಹೀರಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಘನಮೀಟರಿಗೆ 30 ಗ್ರಾಂ ಆವಿ ಹೊರಬಲ್ಲ ಗಾಳಿಗೆ 20 ಡಿಗ್ರಿಯಲ್ಲಿ 17 ಗ್ರಾಂ ಹೊರುವುದೇ ಹೆಚ್ಚು; ಮಿಕ್ಕಿದ್ದು ತಣ್ಣಗಾದ ಬಾಗಿಲ ಒಳಮೈಯಲ್ಲಿ ಹನಿಗಟ್ಟಿ, ತಂತಿ ಕೂಡಿಸುವ ಟರ್ಮಿನಲ್‌ಗಳ ಮೇಲೆ ತೊಟ್ಟಿಕ್ಕಿ, ಅಲ್ಲಿ ಕಾದು ಕುಳಿತ ಉಪ್ಪಿನೊಡನೆ ಸೇರಿ ಹಸಿರು ಕಿಲುಬಾಗುತ್ತದೆ.

ಇದಕ್ಕೆ ಹೊರಡುವ ಆದೇಶ ಒಂದೇ: ಸಂದಿ ಮುಚ್ಚುವ ಸಿಲಿಕೋನ್ ಅಂಟನ್ನು ಇನ್ನಷ್ಟು ಬಳಿಯಿರಿ. ಬಳಿದಾಗ ಒಳಗಿದ್ದ ನೀರಿಗೆ ಹೊರಹೋಗುವ ದಾರಿಯೂ ಮುಚ್ಚುತ್ತದೆ. ಮುಂದಿನ ತಪಾಸಣೆಯಲ್ಲಿ ನೀರು ಹೆಚ್ಚಾಗಿರುತ್ತದೆ, ಸಿಲಿಕೋನೂ ಹೆಚ್ಚಾಗುತ್ತದೆ. ಮೂಲೆಯಲ್ಲೊಂದು ಸಿಲಿಕಾ ಜೆಲ್ ಪೊಟ್ಟಣವೂ ಇದೆ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿ ಅದು ಎಂದೋ ನಿವೃತ್ತಿ ಹೊಂದಿದ್ದರೂ, ವರದಿಯಲ್ಲಿ ಮಾತ್ರ ಇನ್ನೂ ‘ತೇವ ನಿವಾರಣಾ ವ್ಯವಸ್ಥೆ’ ಎಂಬ ಹುದ್ದೆಯಲ್ಲಿದೆ.

ಕೇಬಲ್‌ಗಳನ್ನು ಕೆಳಗಿನಿಂದಲೇ ಒಳತರೋಣ, ಹೊರಗಿನ ಗಾಳಿಗಿಂತ ಒಳಗು ಕೆಲವು ಡಿಗ್ರಿ ಬೆಚ್ಚಗಿರುವಂತೆ ಸಣ್ಣ ಹೀಟರ್ ಇಡೋಣ ಎಂದು ಎಲೆಕ್ಟ್ರಿಷಿಯನ್ ಹೇಳಿ ನೋಡಿದ. ಹೀಟರ್ ಬ್ಯಾಟರಿ ತಿನ್ನುತ್ತದೆ ಎಂದು ಮಹನೀಯರು ತಳ್ಳಿಹಾಕಿದರು. (ಅವರ ಆಕ್ಷೇಪಣೆಗಳಲ್ಲಿ ಅರ್ಥವಿದ್ದದ್ದು ಇದೊಂದಕ್ಕೇ.) ಹಾಗಾದರೆ ಪೆಟ್ಟಿಗೆಯ ತೀರಾ ತಗ್ಗಿನಲ್ಲಿ ಒಂದು ರಂಧ್ರ ಕೊರೆದು, ಒತ್ತಡವನ್ನು ಸರಿದೂಗಿಸುತ್ತ ಒಳಗಿನ ನೀರನ್ನು ಹೊರಬಿಡುವ, ಹೊರಗಿನ ನೀರನ್ನು ತಡೆಯುವ ಬ್ರೀದರ್ ಡ್ರೇನ್ ಕೂರಿಸುತ್ತೇನೆ ಎಂದ. ನೀರು ಬಾರದಿರಲೆಂದು ಹಣ ತೆತ್ತು ತಂದ ಪೆಟ್ಟಿಗೆಗೆ ತೂತೇ ಎಂದು ಸಭೆ ಬೆಚ್ಚಿಬಿತ್ತು.

ಬಹಳ ಚರ್ಚೆಯ ನಂತರ ರಂಧ್ರಕ್ಕೆ ಲಿಖಿತ ಅನುಮತಿ ದೊರೆಯಿತು. ಷರತ್ತು ಒಂದೇ: ನೀರು ಒಳಬಾರದಂತೆ ಅದನ್ನು ಸಿಲಿಕೋನಿನಿಂದ ಭದ್ರವಾಗಿ ಮುಚ್ಚಿಡತಕ್ಕದ್ದು.